ಗೆರೆ ಬಂದರೆ ಪಾಸು: ಒಂದು ಮೂತ್ರ ಪರೀಕ್ಷೆಯ ಚರಿತ್ರೆ

ಕೊರೋನಾ ಕಾಲದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ತೂರಿಸಿಕೊಂಡು ಕಲಿತ ಪಾಠ ಒಂದಿದೆ. ಆ ಪುಟ್ಟ ಪ್ಲಾಸ್ಟಿಕ್ ತುಂಡಿನಲ್ಲಿ ಒಂದು ಗೆರೆ ಬಂದರೆ ನಿರಾಳ, ಎರಡು ಗೆರೆ ಬಂದರೆ ಕೋಣೆಯಲ್ಲಿ ಸೆರೆವಾಸ. ಮನೆಯಲ್ಲೇ ಬಸಿರಿನ ಪರೀಕ್ಷೆ ಮಾಡಿಕೊಂಡ ಹೆಣ್ಣುಮಕ್ಕಳಿಗೆ ಈ ಲೆಕ್ಕ ಇನ್ನೂ ಮೊದಲೇ ಗೊತ್ತು, ಎರಡು ಗೆರೆ ಅಂದರೆ 'ಹೌದು'. ಈಗ ನೋಡೋದಕ್ಕೆ ಹೆಚ್ಚುಕಮ್ಮಿ ಹಾಗೇ ಇರುವ ಇನ್ನೊಂದು ಕಿಟ್ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಗಾಂಜಾ, ಅಫೀಮು, ಕೊಕೇನ್ ಮುಂತಾದವನ್ನು ಮೂತ್ರದಲ್ಲಿ ಪತ್ತೆ ಹಚ್ಚುವ ಕಿಟ್ ಅದು. ಅದರಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಎರಡು ಗೆರೆ ಬಂದರೆ 'ಇಲ್ಲ' ಅಂತ, ಒಂದೇ ಗೆರೆ ಬಂದರೆ 'ಇದೆ' ಅಂತ. ಪೊಟ್ಟಣದ ಮೇಲಿನ ಸಣ್ಣಕ್ಷರ ಓದದೆ, ಕೊರೋನಾ ಅಭ್ಯಾಸದಲ್ಲಿ ಎರಡು ಗೆರೆ ಕಂಡು ಮಗನ ಕೆನ್ನೆಗೆ ಬಾರಿಸುವ ಅಪ್ಪನನ್ನು ಸುಮ್ಮನೆ ಒಮ್ಮೆ ಊಹಿಸಿಕೊಳ್ಳಿ.

ಊಹೆಯ ಮಾತು ಯಾಕೆ ಬಂತೆಂದರೆ, ಪರಿಚಯದವರೊಬ್ಬರು ಪಿಯುಸಿ ಓದುವ ಮಗನ ಮೇಲೆ ಅನುಮಾನ ಬಂದು, ಇಂಥದ್ದೊಂದು ಕಿಟ್ ತರಿಸಲಾ ಅಂತ ನನ್ನನ್ನು ಕೇಳಿದರು. ನಾನು ಡಾಕ್ಟರಲ್ಲ, ಹಳೇ ಕಥೆಗಳನ್ನು ಕೆದಕುವ ಚಟ ಇರುವವನು ಅಷ್ಟೆ (ಈ ಚಟವನ್ನು ಹಿಡಿಯುವ ಕಿಟ್ ಇನ್ನೂ ಬಂದಿಲ್ಲ!). ಹಾಗಾಗಿ ಈ ಪಟ್ಟಿ ಎಲ್ಲಿಂದ ಬಂತು, ಯಾರು ಯಾರನ್ನು ಹಿಡಿಯಲು ಮಾಡಿದರು, ಅದು ನಿಜಕ್ಕೂ ಏನು ಹೇಳುತ್ತದೆ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಹರವಿಡುತ್ತಿದ್ದೇನೆ.

ಮೊದಲು ಹೆಂಡದ ಕಥೆಯಿಂದ ಶುರು ಮಾಡೋಣ. ಕುಡಿದವನನ್ನು ಹಿಡಿಯುವುದು ಮೊದಲಿಂದಲೂ ಸುಲಭ, ಬಾಯಿ ವಾಸನೆಯೇ ಸಾಕ್ಷಿ ಹೇಳುತ್ತದೆ. ಆ ವಾಸನೆಯನ್ನೇ ಅಳತೆಗೆ ತಂದವರು ಅಮೆರಿಕದ ಇಂಡಿಯಾನಾದ ರೋಲಾ ಹಾರ್ಗರ್. 1930ರ ದಶಕದಲ್ಲಿ ಅವರು ಮಾಡಿದ ಯಂತ್ರಕ್ಕೆ 'ಡ್ರಂಕೋಮೀಟರ್' ಅಂತ ಹೆಸರು. ಬಲೂನು ಊದಿಸಿ, ಆ ಗಾಳಿಯನ್ನು ರಾಸಾಯನಿಕದ ಮೂಲಕ ಹಾಯಿಸಿ, ಬಣ್ಣ ಬದಲಾಗುವುದನ್ನು ನೋಡುತ್ತಿದ್ದರು. 1954ರಲ್ಲಿ ಅದೇ ಇಂಡಿಯಾನಾದ ರಾಬರ್ಟ್ ಬೋರ್ಕೆನ್‌ಸ್ಟೈನ್ 'ಬ್ರೆತ್‌ಅಲೈಸರ್' ಮಾಡಿದರು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವ, 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಲೆಕ್ಕ ಇದೇ ವಂಶದ್ದು. ಈ ಊದುವ ಯಂತ್ರದ ಒಂದು ಗುಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದು ಹೇಳುವುದು ಈ ಗಳಿಗೆಯಲ್ಲಿ ನಿಮ್ಮ ರಕ್ತದಲ್ಲಿ ಎಷ್ಟು ಹೆಂಡ ಇದೆ ಅನ್ನುವುದನ್ನು. ಹೋದ ವಾರ ಮದುವೆಯಲ್ಲಿ ನೀವು ಏನು ಮಾಡಿದಿರಿ ಎಂಬುದು ಅದಕ್ಕೆ ಬೇಕಿಲ್ಲ.

ಅಫೀಮು, ಹೆರಾಯಿನ್ ವಿಷಯ ಹಾಗಲ್ಲ. ಅವುಗಳ ಪುಡಿಯನ್ನು ಗುರುತಿಸುವ ವಿದ್ಯೆ ಹಳೆಯದು. ಈಗಿನ ಎಸ್ಟೋನಿಯಾ ದೇಶದಲ್ಲಿರುವ ತಾರ್ತು ಊರಿನ ಎಡ್ವರ್ಡ್ ಮಾರ್ಕಿಸ್ ಎಂಬಾತ 1896ರಲ್ಲೇ ಫಾರ್ಮಾಲ್ಡಿಹೈಡ್ ಮತ್ತು ಸಲ್ಫ್ಯೂರಿಕ್ ಆಮ್ಲ ಬೆರೆಸಿದ ದ್ರಾವಣ ಕಂಡುಹಿಡಿದಿದ್ದ. ಅದರ ಹನಿ ಬಿದ್ದರೆ ಮಾರ್ಫಿನ್ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಪೊಲೀಸರ ಪೆಟ್ಟಿಗೆಗಳಲ್ಲಿ ಅದು ಇವತ್ತಿಗೂ ಇದೆ. ಆದರೆ ಅದು ಪುಡಿಯ ಪರೀಕ್ಷೆ, ಮನುಷ್ಯನದ್ದಲ್ಲ. ಸೇದಿ ಬಂದವನ ಮೈಯೊಳಗೆ ಏನಿದೆ ಅಂತ ಕಾಣುವುದು ಹೇಗೆ?

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಕಡೆ ಒಂದು ಉಪಾಯ ಮಾಡಿದರು. ಅನುಮಾನ ಇದ್ದವನಿಗೆ ನ್ಯಾಲೋರ್ಫಿನ್ ಎಂಬ ಔಷಧಿಯ ಸೂಜಿ ಚುಚ್ಚುವುದು, ಚುಚ್ಚುವ ಮೊದಲು ಮತ್ತು ನಂತರ ಕಣ್ಣಿನ ಪಾಪೆಯ ಅಗಲ ಅಳೆಯುವುದು. ಮೈಯಲ್ಲಿ ಅಫೀಮಿನ ಜಾತಿಯದ್ದು ಇದ್ದರೆ ಪಾಪೆ ಅಗಲವಾಗುತ್ತದೆ, ಇಲ್ಲದಿದ್ದರೆ ಕಿರಿದಾಗುತ್ತದೆ. ಜೈಲಿನಿಂದ ಪೆರೋಲ್ ಮೇಲೆ ಬಿಟ್ಟವರನ್ನು ಆಗಾಗ ಕರೆಸಿ ಹೀಗೆ ಸೂಜಿ ಚುಚ್ಚುತ್ತಿದ್ದರು. ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ನೋಡಲು ಆರೋಗ್ಯವಂತನಿಗೆ ಔಷಧಿ ಚುಚ್ಚುವ ಈ ಪದ್ಧತಿ ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆಮೇಲೆ ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ತಂಡ 1966ರಲ್ಲಿ ಮೂತ್ರದಿಂದ ಈ ವಸ್ತುಗಳನ್ನು ವಿಶೇಷ ಕಾಗದದ ಮೇಲೆ ಹಿಡಿದು ಬೇರ್ಪಡಿಸಿ ನೋಡುವ ವಿಧಾನ ಪ್ರಕಟಿಸಿತು. ಡೋಲ್ ಪೊಲೀಸರ ಕಡೆಯವರಲ್ಲ, ಹೆರಾಯಿನ್ ಚಟದವರಿಗೆ ಮೆಥಡೋನ್ ಕೊಟ್ಟು ಚಿಕಿತ್ಸೆ ಮಾಡುತ್ತಿದ್ದ ವೈದ್ಯ. ಅಲ್ಲಿ ಮೂತ್ರ ಪರೀಕ್ಷೆ ಅಂದರೆ ರೋಗಿಯ ಜ್ವರ ನೋಡಿದ ಹಾಗೆ, ಚಿಕಿತ್ಸೆ ಹೇಗೆ ನಡೆದಿದೆ ಅಂತ ತಿಳಿಯುವ ದಾರಿ.

ಆದರೆ ಇವೆಲ್ಲ ನಿಧಾನದ ಕೆಲಸ. ಸಾವಿರಾರು ಜನರನ್ನು ಸಾಲಾಗಿ ನಿಲ್ಲಿಸಿ ನೋಡಬೇಕಾದರೆ ಬೇರೆಯದೇ ಉಪಾಯ ಬೇಕಿತ್ತು. ಅದು ಸಿಕ್ಕಿದ್ದು ನಮ್ಮ ಮೈಯೊಳಗಿನ ಕಾವಲುಗಾರರಿಂದ, ಅಂದರೆ ಆಂಟಿಬಾಡಿಗಳಿಂದ. ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ 1959ರ ಸುಮಾರಿಗೆ ರಕ್ತದಲ್ಲಿನ ಇನ್ಸುಲಿನ್ ಅಳೆಯಲು ಆಂಟಿಬಾಡಿ ಬಳಸಿ ತೋರಿಸಿದ್ದರು (ಯಾಲೋಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು). ಇನ್ಸುಲಿನ್ ದೊಡ್ಡ ಅಣು. ಮಾರ್ಫಿನ್ ಎಷ್ಟು ಪುಟ್ಟದೆಂದರೆ ಕಾವಲುಗಾರರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ವಿಜ್ಞಾನಿಗಳು ಮಾರ್ಫಿನ್ನನ್ನು ಒಂದು ದೊಡ್ಡ ಪ್ರೋಟೀನಿಗೆ ಅಂಟಿಸಿ ಮೊಲಗಳಿಗೆ ಚುಚ್ಚಿದರು. ಮೊಲದ ಮೈ ಇದ್ಯಾವುದೋ ಹೊಸ ಶತ್ರು ಅಂದುಕೊಂಡು ಆಂಟಿಬಾಡಿ ತಯಾರಿಸಿತು. 1970ರಲ್ಲಿ ಸಿಡ್ನಿ ಸ್ಪೆಕ್ಟರ್ ಮತ್ತು ಚಾರ್ಲ್ಸ್ ಪಾರ್ಕರ್ ಹೀಗೆ ಮಾರ್ಫಿನ್ ಅಳೆಯುವುದನ್ನು ತೋರಿಸಿದರು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸೈವಾ ಎಂಬ ಕಂಪನಿ, ಸ್ಟ್ಯಾನ್‌ಫರ್ಡ್‌ನ ಅವ್ರಮ್ ಗೋಲ್ಡ್‌ಸ್ಟೈನ್ ಮುಂತಾದವರ ಜೊತೆ ಸೇರಿ, ಒಂದು ಹನಿ ಮೂತ್ರವನ್ನು ಕ್ಷಣಾರ್ಧದಲ್ಲಿ ನೋಡಿ ಮುಗಿಸುವ 'ಫ್ರ್ಯಾಟ್' ಎಂಬ ಯಂತ್ರ ಸಿದ್ಧ ಮಾಡಿತು. ಯಂತ್ರ ತಯಾರಾಗಿತ್ತು, ಅದಕ್ಕೊಂದು ಯುದ್ಧವೂ ಸಿಕ್ಕಿತು.

1971ರ ಮೇ ತಿಂಗಳಲ್ಲಿ ಅಮೆರಿಕದ ಇಬ್ಬರು ಸಂಸದರು, ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ, ವಿಯೆಟ್ನಾಂಗೆ ಹೋಗಿ ಬಂದು, ಅಲ್ಲಿರುವ ಸೈನಿಕರಲ್ಲಿ ಶೇಕಡಾ 10ರಿಂದ 15ರಷ್ಟು ಜನ ಹೆರಾಯಿನ್ ಚಟಕ್ಕೆ ಬಿದ್ದಿದ್ದಾರೆ ಅಂತ ವರದಿ ಕೊಟ್ಟರು. ದೇಶವೇ ಬೆಚ್ಚಿಬಿತ್ತು. ಬಂದೂಕು ಹಿಡಿಯಲು ಕಲಿತ, ಚಟಕ್ಕೆ ಬಿದ್ದ ಸಾವಿರಾರು ಹುಡುಗರು ಊರಿಗೆ ವಾಪಸ್ ಬಂದರೆ ಗತಿಯೇನು ಅನ್ನುವ ಭಯ. ಜೂನ್ 17ರಂದು ಅಧ್ಯಕ್ಷ ನಿಕ್ಸನ್ ಮಾದಕವಸ್ತುವೇ ದೇಶದ ಮೊದಲನೇ ಶತ್ರು ಅಂತ ಸಾರಿ, ಜೆರೋಮ್ ಜಾಫೆ ಎಂಬ ಮನೋವೈದ್ಯರನ್ನು ಈ ಕೆಲಸಕ್ಕೆ ನೇಮಿಸಿದರು. ಜಾಫೆ ಹೇಳಿದ ಉಪಾಯ ಸರಳ: ಊರಿಗೆ ಹೊರಡುವ ಪ್ರತಿ ಸೈನಿಕನೂ ವಿಮಾನ ಹತ್ತುವ ಮೊದಲು ಮೂತ್ರ ಕೊಡಬೇಕು. ಹೆರಾಯಿನ್ ಸಿಕ್ಕಿದರೆ ವಿಮಾನ ಇಲ್ಲ, ಒಂದು ವಾರದ ಮಟ್ಟಿಗೆ ಅಲ್ಲೇ ಚಿಕಿತ್ಸೆ. ಸೈನಿಕರ ಬಾಯಲ್ಲಿ ಇದಕ್ಕೆ 'ಆಪರೇಷನ್ ಗೋಲ್ಡನ್ ಫ್ಲೋ' ಅಂತ ಹೆಸರಾಯಿತು. ಬಂಗಾರದ ಹೊಳೆ ಅನ್ನಿ! ಮನುಷ್ಯರನ್ನು ಸಾಲಾಗಿ ನಿಲ್ಲಿಸಿ, ಅನುಮಾನ ಇರಲಿ ಬಿಡಲಿ, ಎಲ್ಲರ ಮೂತ್ರ ಪರೀಕ್ಷಿಸುವ ದೊಡ್ಡ ಪ್ರಮಾಣದ ಪದ್ಧತಿ ಶುರುವಾದದ್ದು ಇಲ್ಲಿಂದ.

ಈ ಕಥೆಯಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಇದರ ಮುಂದಿನ ಭಾಗ. ಜಾಫೆ ಪರೀಕ್ಷೆ ಮಾಡಿಸಿ ಸುಮ್ಮನಾಗಲಿಲ್ಲ. ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿಗೆ, ಈ ಹುಡುಗರು ಊರಿಗೆ ಹೋದ ಮೇಲೆ ಏನಾದರು ನೋಡಿ ಅಂತ ಹೇಳಿದರು. 1971ರ ಸೆಪ್ಟೆಂಬರಿನಲ್ಲಿ ವಾಪಸಾದ ಸುಮಾರು 13,760 ಸೈನಿಕರಲ್ಲಿ ಸುಮಾರು 1,400 ಜನರ ಮೂತ್ರದಲ್ಲಿ ಹೆರಾಯಿನ್ ಜಾತಿಯದ್ದು ಸಿಕ್ಕಿತ್ತು. ರಾಬಿನ್ಸ್ ತಂಡ ಈ ವಾಪಸಾದವರಲ್ಲಿ ನೂರಾರು ಜನರನ್ನು ಆಯ್ದು, ಮನೆಗೇ ಹೋಗಿ ಮಾತಾಡಿಸಿತು, ಮತ್ತೆ ಮೂತ್ರವನ್ನೂ ಕೇಳಿತು. ವಿಯೆಟ್ನಾಂನಲ್ಲಿ ಐವರಲ್ಲಿ ಒಬ್ಬ ಚಟಕ್ಕೆ ಬಿದ್ದಿದ್ದ. ಆದರೆ ಹಾಗೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಶೇಕಡಾ 5ರಷ್ಟು ಮಾತ್ರ. ಮೂರು ವರ್ಷದ ಲೆಕ್ಕ ಹಿಡಿದರೂ ಶೇಕಡಾ 12 ದಾಟಲಿಲ್ಲ. ಅವರಲ್ಲಿ ಹೆಚ್ಚಿನವರು ಊರಿಗೆ ಬಂದ ಮೇಲೆ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಕಾಡು, ಯುದ್ಧ, ಬೇಸರ, ಕೈಗೆಟುಕುವ ಬೆಲೆಯಲ್ಲಿ ಸಿಗುವ ಹೆರಾಯಿನ್, ಇವೆಲ್ಲ ಹಿಂದೆ ಉಳಿದಿದ್ದೇ ಬಹುಪಾಲು ಹುಡುಗರು ಚಟವನ್ನೂ ಹಿಂದೆ ಬಿಟ್ಟಿದ್ದರು. ಮೊದಲಿಗೆ ಈ ಅಂಕಿಗಳನ್ನು ನಂಬಲು ಬಹಳ ಜನ ತಯಾರಿರಲಿಲ್ಲ. ಹೆರಾಯಿನ್ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ ಅನ್ನುವುದು ಎಲ್ಲರ ನಂಬಿಕೆಯಾಗಿತ್ತು ನೋಡಿ. 'ಪಾಸಿಟಿವ್' ಅನ್ನುವ ಫಲಿತಾಂಶ ಒಬ್ಬನ ಮುಂದಿನ ಬದುಕಿನ ಜಾತಕ ಅಲ್ಲ ಅಂತ ಮೊದಲ ದೊಡ್ಡ ಪರೀಕ್ಷೆಯಲ್ಲೇ ಗೊತ್ತಾಗಿಹೋಗಿತ್ತು.

ಹತ್ತು ವರ್ಷದ ನಂತರ ಗಾಳಿ ಬೇರೆ ದಿಕ್ಕಿಗೆ ಬೀಸಿತು. 1981ರ ಮೇ 26ರ ರಾತ್ರಿ ನಿಮಿಟ್ಜ್ ಎಂಬ ವಿಮಾನವಾಹಕ ಹಡಗಿನ ಮೇಲೆ ಇಳಿಯುತ್ತಿದ್ದ ವಿಮಾನವೊಂದು ಅಪ್ಪಳಿಸಿ 14 ಜನ ಸತ್ತರು. ಸತ್ತ ಡೆಕ್ ಕೆಲಸಗಾರರಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಅಂಶ ಸಿಕ್ಕಿತು. ಅವರಿಂದಲೇ ಅಪಘಾತ ಆಯಿತು ಅಂತ ಯಾರೂ ತೋರಿಸಲಿಲ್ಲ. ವಿಮಾನ ಓಡಿಸುತ್ತಿದ್ದವನ ರಕ್ತದಲ್ಲಿ ಸಿಕ್ಕಿದ್ದು ನೆಗಡಿಯ ಮಾತ್ರೆ, ಅದೂ ಅತಿಯಾದ ಪ್ರಮಾಣದಲ್ಲಿ. ಆದರೂ ದೇಶಕ್ಕೆ ನೆನಪುಳಿದದ್ದು ಗಾಂಜಾ. ಸೈನ್ಯದಲ್ಲಿ ಮೂತ್ರ ಪರೀಕ್ಷೆ ಮತ್ತೆ ಜೋರಾಯಿತು, ಈ ಸಲ ಶಿಕ್ಷೆಗಾಗಿ. ಹಾಗೆ ನೋಡಿದರೆ ಊದುವ ಯಂತ್ರಕ್ಕೂ ಮೂತ್ರ ಪರೀಕ್ಷೆಗೂ ಇರುವ ಅಂತರ ಇಲ್ಲೇ ಎದ್ದು ಕಾಣುತ್ತದೆ. ಗಾಂಜಾದ ಅಮಲು ಕೆಲವು ಗಂಟೆಗಳದ್ದು. ಆದರೆ ಅದು ಕೊಬ್ಬಿನಲ್ಲಿ ಅಡಗಿ ಕೂತು, ಅದರ ಚೂರುಗಳು ಮೂತ್ರದಲ್ಲಿ ಹಲವು ದಿನ, ದಿನಾ ಸೇದುವವನಾದರೆ ತಿಂಗಳವರೆಗೂ ಬರುತ್ತವೆ. ಕೊಕೇನ್ ಎರಡು ಮೂರು ದಿನಕ್ಕೆ ಮಾಯ. ಹೆರಾಯಿನ್ನಿನದೇ ವಿಶೇಷ ಗುರುತು ಒಂದು ದಿನವೂ ನಿಲ್ಲುವುದಿಲ್ಲ, ಆಮೇಲೆ ಎರಡು ಮೂರು ದಿನ ಉಳಿಯುವುದು ಮಾರ್ಫಿನ್. ಅಂದರೆ ವಾರದ ಹಿಂದೆ ಒಂದು ದಮ್ಮು ಗಾಂಜಾ ಎಳೆದ ಖಾಯಂ ಗಿರಾಕಿ ಸಿಕ್ಕಿಬೀಳುತ್ತಾನೆ, ಐದು ದಿನದ ಹಿಂದೆ ಹೆರಾಯಿನ್ ಹಾಕಿಕೊಂಡವನು ಪಾಸಾಗುತ್ತಾನೆ!

1986ರಲ್ಲಿ ಅಧ್ಯಕ್ಷ ರೇಗನ್ ಸರ್ಕಾರಿ ನೌಕರರಿಗೂ ಪರೀಕ್ಷೆ ಬರುವಂತೆ ಸೆಪ್ಟೆಂಬರ್ 15ರಂದು ಆದೇಶ ಹೊರಡಿಸಿದರು. ಮಾದರಿಯಾಗಲೆಂದು ತಾವೂ ಮೂತ್ರ ಕೊಟ್ಟಿದ್ದರು. ಆದರೆ ಪ್ರಯೋಗಾಲಯಗಳ ಅವಸ್ಥೆ ಹೇಗಿತ್ತು ಗೊತ್ತಾ? ಅದಕ್ಕೆ ಹಿಂದಿನ ವರ್ಷ, 1985ರಲ್ಲಿ, ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು ಮಾಡಿದ್ದ ಒಂದು ಅಧ್ಯಯನ ಪ್ರಕಟವಾಗಿತ್ತು. 13 ಪ್ರಯೋಗಾಲಯಗಳಿಗೆ, ಇದು ಪರೀಕ್ಷೆಯ ಪರೀಕ್ಷೆ ಅಂತ ಹೇಳದೆ, ಒಳಗೆ ಏನಿದೆ ಅಂತ ತಮಗೆ ಗೊತ್ತಿದ್ದ ಮೂತ್ರದ ಬಾಟಲಿಗಳನ್ನು ಕಳಿಸಿದರು. ಇದ್ದದ್ದನ್ನು ಇಲ್ಲ ಅಂದವರು ಬಹಳ, ಕೆಲವು ವಸ್ತುಗಳಲ್ಲಿ ಕೆಲವು ಪ್ರಯೋಗಾಲಯಗಳು ನೂರಕ್ಕೆ ನೂರು ತಪ್ಪಿದ್ದವು. ಇಲ್ಲದ್ದನ್ನು ಇದೆ ಅಂದವರೂ ಇದ್ದರು, ಒಂದು ವಸ್ತುವಿನಲ್ಲಂತೂ ಅದು ಶೇಕಡಾ 66ರವರೆಗೆ ಹೋಗಿತ್ತು. ಇಂಥ ಎಡವಟ್ಟುಗಳಿಂದಾಗಿಯೇ 1988ರಲ್ಲಿ ಅಮೆರಿಕ ಸರ್ಕಾರ ನಿಯಮಗಳ ಪಟ್ಟಿ ತಂದಿತು. ಮೊದಲು ಆಂಟಿಬಾಡಿ ಪರೀಕ್ಷೆ, ಅದರಲ್ಲಿ ಪಾಸಿಟಿವ್ ಬಂದದ್ದನ್ನು ಗ್ಯಾಸ್ ಕ್ರೊಮಟೋಗ್ರಫಿ-ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ದೊಡ್ಡ ಯಂತ್ರದಲ್ಲಿ ಕಡ್ಡಾಯವಾಗಿ ಇನ್ನೊಮ್ಮೆ ನೋಡಬೇಕು, ಆಮೇಲೆ ಒಬ್ಬ ವೈದ್ಯ ಆ ವ್ಯಕ್ತಿಯನ್ನು ಕರೆದು ಯಾವ ಔಷಧಿ ತಗೊಳ್ಳುತ್ತಿದ್ದೀಯಪ್ಪಾ ಅಂತ ವಿಚಾರಿಸಬೇಕು. ಈ ಮೂರೂ ಮೆಟ್ಟಿಲು ಸೇರಿದರೆ ಮಾತ್ರ ಅದು 'ಪರೀಕ್ಷೆ'. ನಮ್ಮ ಕೈಗೆ ಸಿಗುವ ಕಿಟ್ ಅಂದರೆ ಇದರ ಮೊದಲನೇ ಮೆಟ್ಟಿಲು ಅಷ್ಟೆ.

ಆ ನಿಯಮಗಳ ಜೊತೆಗೇ ಬಂದದ್ದು 'ಕಟ್-ಆಫ್'. ಸಿಇಟಿ ಬರೆದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಈ ಪದ ಬಿಡಿಸಿ ಹೇಳಬೇಕಿಲ್ಲ. ಮೂತ್ರದಲ್ಲಿ ವಸ್ತು ಇದೆಯೋ ಇಲ್ಲವೋ ಅನ್ನುವುದಲ್ಲ ಪ್ರಶ್ನೆ, ಗೊತ್ತುಮಾಡಿದ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಅನ್ನುವುದು. ಅಳತೆ ನ್ಯಾನೋಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಗಾಂಜಾಕ್ಕೆ 1988ರಲ್ಲಿ ಪ್ರತಿ ಮಿಲಿ ಲೀಟರಿಗೆ 100 ನ್ಯಾನೋಗ್ರಾಂ ಅಂತ ಗೆರೆ ಎಳೆದಿದ್ದರು, 1994ರಲ್ಲಿ 50ಕ್ಕೆ ಇಳಿಸಿದರು. ಕೊಕೇನ್‌ದು 300 ಇದ್ದದ್ದು 2010ರಲ್ಲಿ 150 ಆಯಿತು. 1994ಕ್ಕೆ ಮೊದಲು 70 ನ್ಯಾನೋಗ್ರಾಂ ಇದ್ದವನು ಸಭ್ಯಸ್ಥ, ಆಮೇಲೆ ಅದೇ 70 ಇದ್ದವನು ಕೆಲಸ ಕಳೆದುಕೊಂಡವನು. ಗೆರೆ ಎಳೆದವರು ಮನುಷ್ಯರು, ಮೇಜಿನ ಸುತ್ತ ಕೂತು, ಕಾರಣ ಕೊಟ್ಟು ಎಳೆದದ್ದು. ಪ್ರಕೃತಿ ಎಳೆದ ಗೆರೆ ಅಲ್ಲ ಅದು.

ಒಂದು ಗೆರೆ ಮಾತ್ರ ಮೇಲಕ್ಕೆ ಹೋಯಿತು, ಅದರ ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ: ಗಸಗಸೆ! ಅಫೀಮು ಬರುವುದು ಗಸಗಸೆ ಗಿಡದ ಹಸಿ ಕಾಯಿಯ ಹಾಲಿನಿಂದ. ಕಾಯಿ ಒಣಗಿದ ಮೇಲೆ ಒಳಗಿನ ಬೀಜ ನಮ್ಮ ಪಾಯಸಕ್ಕೆ. ಬೀಜದ ಮೇಲೆ ಆ ಹಾಲಿನ ಲೇಪ ಚೂರು ಅಂಟಿಕೊಂಡಿರುತ್ತದೆ, ಅದರಲ್ಲಿ ಮಾರ್ಫಿನ್. ಅಮೆರಿಕದವರು ಬನ್ನಿನ ಮೇಲೆ, ಕೇಕಿನೊಳಗೆ ಗಸಗಸೆ ಹಾಕಿ ತಿನ್ನುತ್ತಾರೆ. ಹಾಗೆ ತಿಂದವರ ಮೂತ್ರ 300 ನ್ಯಾನೋಗ್ರಾಂನ ಗೆರೆ ದಾಟುತ್ತದೆ ಅಂತ ಪ್ರಯೋಗಗಳಲ್ಲೇ ತಿಳಿಯಿತು. ಕೊನೆಗೆ 1998ರಲ್ಲಿ ಗೆರೆಯನ್ನು 2000ಕ್ಕೆ ಏರಿಸಿದರು. ಅಷ್ಟಾದರೂ 2023ರ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಅಂತ ಎಚ್ಚರಿಕೆ ಕೊಡಬೇಕಾಯಿತು. ಗಸಗಸೆ ಪಾಯಸ ಕುಡಿದ ಮಧ್ಯಾಹ್ನ ಕಣ್ಣು ಎಳೆಯುತ್ತದೆ ಅಂತ ನಮ್ಮ ಅಜ್ಜಿಯರು ಹೇಳುವುದನ್ನು ಕೇಳಿದ್ದೀರಲ್ಲ, ಅದು ಹೋಳಿಗೆಯ ಭಾರವೋ ಗಸಗಸೆಯ ಮಹಿಮೆಯೋ ನೀವೇ ತೀರ್ಮಾನಿಸಿ. ಮಾರುಕಟ್ಟೆಯಲ್ಲಿ ಸಿಗುವ ಕೆಲವು ಅಗ್ಗದ ಪಟ್ಟಿಗಳಲ್ಲಿ ಇನ್ನೂ ಹಳೆಯ 300ರ ಗೆರೆಯೇ ಇದೆ. ಹಬ್ಬದ ಮರುದಿನ ಪರೀಕ್ಷೆ ಮಾಡುವವರು ಇದನ್ನು ನೆನಪಿಡಬೇಕು. ಗಲ್ಫಿಗೆ ಹೊರಟವರ ಗಂಟಿನಲ್ಲಿ ಗಸಗಸೆ ಕಟ್ಟಿಕೊಡುವ ತಾಯಂದಿರೂ ಅಷ್ಟೆ. ಯುಎಇ, ಸಿಂಗಪುರಗಳಲ್ಲಿ ಅದು ನಿಷಿದ್ಧ ಪದಾರ್ಥ, ವಿಮಾನ ನಿಲ್ದಾಣದಲ್ಲೇ ತೊಂದರೆಯಾದೀತು.

ಇನ್ನು ಭಂಗಿ ಸೊಪ್ಪು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂವಿನ ತುದಿಗೆ, ಬರೀ ಎಲೆ ಮತ್ತು ಬೀಜಕ್ಕಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಭಾಂಗ್ ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂಬ ಅರ್ಥದ ಮಾತು ಹೇಳಿತು. ಆದರೆ ಮೂತ್ರದ ಪಟ್ಟಿಗೆ ಕಾನೂನು ಓದಲು ಬರುವುದಿಲ್ಲ. ಶಿವರಾತ್ರಿಗೆ ಕಾಶಿಯಲ್ಲಿ ಸರ್ಕಾರಿ ಪರವಾನಗಿಯ ಅಂಗಡಿಯ ಭಾಂಗ್ ಕುಡಿದರೂ ಅದು ತೋರಿಸುವುದು ಒಂದೇ ಗೆರೆ, ಗಾಂಜಾ ಸೇದಿದರೂ ಒಂದೇ ಗೆರೆ. ಕೊಡೈನ್ ಇರುವ ಕೆಮ್ಮಿನ ಸಿರಪ್ಪನ್ನು ಡಾಕ್ಟರು ಬರೆದುಕೊಟ್ಟು ಕುಡಿದರೂ ಅಫೀಮಿನ ಗೆರೆ ಮಾಯವಾಗಬಹುದು, ಯಾಕೆಂದರೆ ಕೊಡೈನ್ ನಮ್ಮ ಮೈಯಲ್ಲಿ ಮಾರ್ಫಿನ್ ಆಗುತ್ತದೆ. ಆಕಾರ ಸ್ವಲ್ಪ ಹೋಲುವ ಬೇರೆ ಔಷಧಿಗಳೂ ಆಂಟಿಬಾಡಿಯನ್ನು ಮೋಸ ಮಾಡುತ್ತವೆ. ನೆಗಡಿಯ ಮಾತ್ರೆಯ ಸೂಡೋಎಫೆಡ್ರಿನ್, ಅಸಿಡಿಟಿಗೆ ನುಂಗುವ ರಾನಿಟಿಡಿನ್ ಕೂಡ ಕೆಲವು ಪರೀಕ್ಷೆಗಳಲ್ಲಿ ಆಂಫೆಟಮಿನ್ ಅಂತ ತೋರಿಸಿದ್ದುಂಟು.

ಇದರ ಇನ್ನೊಂದು ಮುಖ ಇನ್ನೂ ಅಪಾಯದ್ದು. ಪಟ್ಟಿಗೆ ಯಾವುದನ್ನು ಕೇಳುತ್ತೇವೋ ಅದಕ್ಕೆ ಮಾತ್ರ ಅದು ಉತ್ತರಿಸುತ್ತದೆ. ಅಫೀಮಿನ ಪಟ್ಟಿಗೆ ಟ್ರಮಡಾಲ್ ಕಾಣುವುದಿಲ್ಲ. ಈ ನೋವಿನ ಮಾತ್ರೆಯ ದುರುಪಯೋಗ ಎಷ್ಟಾಗಿತ್ತೆಂದರೆ 2018ರಲ್ಲಿ ಅದನ್ನೂ ಎನ್‌ಡಿಪಿಎಸ್ ಕಾಯ್ದೆಯಡಿ ತಂದರು. ಎಲ್‌ಎಸ್‌ಡಿ ಸಾಮಾನ್ಯ ಕಿಟ್ಟಿನಲ್ಲಿ ಇರುವುದಿಲ್ಲ. ನಮ್ಮ ಊರುಗಳ ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನುಗಳಲ್ಲಿ ಚಿಕ್ಕ ಮಕ್ಕಳು ಬಟ್ಟೆಗೆ ಸುರಿದುಕೊಂಡು ಮೂಸುವ ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಯಾವ ಪಟ್ಟಿಗೂ ಸಿಗುವುದಿಲ್ಲ. ಎರಡು ಗೆರೆ ನೋಡಿ ನೆಮ್ಮದಿಯಾಗಿ ಮಲಗಿದ ಮನೆಯಲ್ಲಿ ಮಗು ಬೇರೇನೋ ನುಂಗುತ್ತಿರಬಹುದು.

ಈಗ ಮೊದಲಿನ ಒಗಟಿಗೆ ಬರೋಣ. ಗೆರೆ ಯಾಕೆ ಉಲ್ಟಾ? ನಮ್ಮ ಕೆಂಪು ಬಸ್ಸಿನ ಉದಾಹರಣೆ ಕೊಡುತ್ತೇನೆ. ಪಟ್ಟಿಯ ಬುಡದಲ್ಲಿ ಚಿನ್ನದ ಅತಿ ಸಣ್ಣ ಕಣಗಳಿಗೆ ಅಂಟಿಸಿದ ಆಂಟಿಬಾಡಿಗಳಿವೆ. ಚಿನ್ನ ಅಷ್ಟು ಸಣ್ಣದಾದಾಗ ಕೆಂಪಗೆ ಕಾಣುತ್ತದೆ. ಇವೇ ಬಸ್ಸುಗಳು, ಆಂಟಿಬಾಡಿಯ ಹಿಡಿತಗಳೇ ಸೀಟು. ಮೂತ್ರ ಹರಿದು ಬಂದಾಗ ಬಸ್ಸುಗಳು ಹೊರಡುತ್ತವೆ. ದಾರಿಯ ಮೊದಲ ಸ್ಟಾಪಿನಲ್ಲಿ ಮಾದಕವಸ್ತುವಿನ ಅಣುಗಳನ್ನು ಗೆರೆಯಾಗಿ ಅಂಟಿಸಿ ಕೂರಿಸಿದ್ದಾರೆ, ಸೀಟು ಖಾಲಿ ಇದ್ದರೆ ಅವು ಬಸ್ಸನ್ನು ಹಿಡಿದು ನಿಲ್ಲಿಸಿಕೊಳ್ಳುತ್ತವೆ. ಕೆಂಪು ಬಸ್ಸುಗಳು ಅಲ್ಲಿ ಸಾಲಾಗಿ ನಿಂತಾಗ ನಮಗೆ ಗೆರೆ ಕಾಣುತ್ತದೆ. ಮೂತ್ರದಲ್ಲೇ ಆ ವಸ್ತು ತುಂಬಾ ಇದ್ದರೆ ಅದು ಹೊರಡುವ ಮೊದಲೇ ಟವೆಲ್ ಹಾಕಿ ಸೀಟು ಹಿಡಿದುಬಿಟ್ಟಿರುತ್ತದೆ. ಬಸ್ಸು ಫುಲ್ಲಾದರೆ ಡ್ರೈವರ್ ಸ್ಟಾಪಿನಲ್ಲಿ ನಿಲ್ಲಿಸುತ್ತಾನೆಯೇ? ಗೆರೆ ಇಲ್ಲ. ಎರಡನೇ ಗೆರೆ ಡಿಪೋ ಇದ್ದಂತೆ, ಸೀಟು ತುಂಬಿರಲಿ ಬಿಡಲಿ ಬಸ್ಸುಗಳು ಅಲ್ಲಿ ನಿಲ್ಲಲೇಬೇಕು. ಅಲ್ಲೂ ಗೆರೆ ಬರದಿದ್ದರೆ ಕಿಟ್ಟೇ ಕೆಟ್ಟಿದೆ ಅಂತ ಅರ್ಥ. ಕೊರೋನಾದ ಪ್ರೋಟೀನ್, ಬಸಿರಿನ ಹಾರ್ಮೋನ್ ದೊಡ್ಡವು, ಎರಡು ಆಂಟಿಬಾಡಿ ಎರಡೂ ಕಡೆಯಿಂದ ಹಿಡಿಯಬಹುದು, ಹಾಗಾಗಿ ಅಲ್ಲಿ ಗೆರೆ ಬಂದರೆ 'ಇದೆ'. ಮಾದಕವಸ್ತುವಿನ ಅಣು ಪುಟ್ಟದು, ಒಂದೇ ಕೈಗೆ ಸಾಕಾಗುವಷ್ಟು. ಅದಕ್ಕೇ ಈ ಸೀಟಿನ ಜಗಳ. ಇನ್ನೊಂದು ಮಾತು, ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಗೆರೆಯೇ, ಅಂದರೆ 'ಇಲ್ಲ' ಅಂತಲೇ ಲೆಕ್ಕ.

1988ರಲ್ಲಿ ಇಂಥ ಪಟ್ಟಿ ಬಸಿರಿನ ಪರೀಕ್ಷೆಯಾಗಿ ಬ್ರಿಟನ್ನಿನ ಯೂನಿಪಾತ್ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಮಾದಕವಸ್ತುವಿನ ಪಟ್ಟಿಗಳು ಅದರ ಬೆನ್ನಿಗೇ ಬಂದವು. 1997ರಲ್ಲಿ ಅಮೆರಿಕದ ಎಫ್‌ಡಿಎ ಪೋಷಕರು ಅಂಗಡಿಯಲ್ಲಿ ಕೊಳ್ಳಬಹುದಾದ ಮೊದಲ ಕಿಟ್ಟಿಗೆ ಒಪ್ಪಿಗೆ ಕೊಟ್ಟಿತು. ಮನೆಯಲ್ಲಿ ಮೂತ್ರ ಹಿಡಿದು ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆ ಅದು. ಆಮೇಲೆ ಮನೆಯಲ್ಲೇ ಐದು ನಿಮಿಷದಲ್ಲಿ ಫಲಿತಾಂಶ ಕೊಡುವವೂ ಬಂದವು. ಸೈನ್ಯದ ಶಿಬಿರದಿಂದ ಹೊರಟದ್ದು ಮನೆಯ ಬಚ್ಚಲಿಗೆ ಬರಲು ಕಾಲು ಶತಮಾನ ಸಾಕಾಯಿತು. ನಮ್ಮ ದೇಶದಲ್ಲೂ 2018ರ ಜುಲೈನಲ್ಲಿ ಪಂಜಾಬಿನ ಆಗಿನ ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಎಲ್ಲಾ ಸರ್ಕಾರಿ ನೌಕರರಿಗೆ ಡೋಪ್ ಟೆಸ್ಟ್ ಅಂತ ಆದೇಶಿಸಿದ್ದು ನಿಮಗೆ ನೆನಪಿರಬಹುದು. ಇತ್ತ ಅಮೆರಿಕದ ಮಕ್ಕಳ ವೈದ್ಯರ ಸಂಘ 2007ರಲ್ಲೇ ಮನೆಯಲ್ಲಿ ಮಕ್ಕಳ ಪರೀಕ್ಷೆ ಮಾಡುವುದರ ಬಗ್ಗೆ ಗಂಭೀರ ಆಕ್ಷೇಪ ಎತ್ತಿತ್ತು. ಫಲಿತಾಂಶ ಓದುವುದರಲ್ಲಿ ಆಗುವ ತಪ್ಪು ಒಂದು ಕಡೆಯಾದರೆ, ಅಪ್ಪ ಅಮ್ಮ ಪೊಲೀಸರಾದ ಮನೆಯಲ್ಲಿ ಮಗು ಬಾಯಿ ಬಿಡುವುದು ಯಾರ ಹತ್ತಿರ ಅನ್ನುವುದು ಇನ್ನೊಂದು ಕಡೆ.

ಹಾಗಂತ ಈ ಪಟ್ಟಿಯನ್ನು ಬೈದು ಮುಗಿಸಲು ನನಗೆ ಮನಸ್ಸಿಲ್ಲ, ಯಾಕೆಂದರೆ ಚರಿತ್ರೆ ಅಲ್ಲಿಗೆ ನಿಂತಿಲ್ಲ. ಅಮೆರಿಕ, ಕೆನಡಾಗಳಲ್ಲಿ ಫೆಂಟನಿಲ್ ಎಂಬ ಅತಿ ತೀಕ್ಷ್ಣವಾದ ವಸ್ತು ಹೆರಾಯಿನ್ನಿಗೆ ಕಲಬೆರಕೆಯಾಗತೊಡಗಿ ಜನ ಹುಳಗಳಂತೆ ಸಾಯತೊಡಗಿದರು. 2021ರಿಂದ 2023ರವರೆಗೆ ಅಮೆರಿಕ ಒಂದರಲ್ಲೇ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಾವು, ಎಲ್ಲಾ ಬಗೆಯ ಓವರ್‌ಡೋಸ್ ಸೇರಿ. ವ್ಯಾಂಕೂವರ್ ನಗರದ 'ಇನ್‌ಸೈಟ್' ಎಂಬ ಕೇಂದ್ರದವರು 2016ರಲ್ಲಿ ಒಂದು ಕೆಲಸ ಮಾಡಿದರು. ಮೂತ್ರದಲ್ಲಿ ಫೆಂಟನಿಲ್ ಹುಡುಕಲು ಮಾಡಿದ ಪಟ್ಟಿಯನ್ನೇ ಚಟದವರ ಕೈಗೆ ಕೊಟ್ಟು, ನೀವು ತಂದ ಪುಡಿಯನ್ನು ಚೂರು ನೀರಲ್ಲಿ ಕದಡಿ ಇದರಲ್ಲಿ ಅದ್ದಿ ನೋಡಿ ಅಂದರು. ಹೆರಾಯಿನ್ ಅಂತ ತಂದದ್ದರಲ್ಲಿ ಬಹುಪಾಲು ಫೆಂಟನಿಲ್! ಗೊತ್ತಾದವರಲ್ಲಿ ಕೆಲವರು ಪ್ರಮಾಣ ಕಮ್ಮಿ ಮಾಡಿದರು. ಅ‍ದೇ ಪಟ್ಟಿ, ಅದೇ ಗೆರೆ, ಆದರೆ ಹಿಡಿದ ಕೈ ಬೇರೆ, ಕೇಳಿದ ಪ್ರಶ್ನೆ ಬೇರೆ. 'ನೀನು ತಪ್ಪು ಮಾಡಿದೆಯಾ' ಅನ್ನುವುದು ಹೋಗಿ 'ಇದನ್ನು ತಗೊಂಡರೆ ನೀನು ಸಾಯುತ್ತೀಯಾ' ಅಂತಾಯಿತು.

ಇಷ್ಟು ಓದಿದ ಮೇಲೆ ನನಗೆ ಉಳಿದದ್ದು ಇಷ್ಟು. ಪಟ್ಟಿ ಹೇಳುವುದು ಒಂದೇ ವಾಕ್ಯ: ಈ ಆಕಾರದ ಅಣು, ಈ ಗೆರೆಗಿಂತ ಮೇಲೆ, ಈ ಲೋಟದಲ್ಲಿದೆ ಅಂತ. ಹುಡುಗ ಒಮ್ಮೆ ರುಚಿ ನೋಡಿದನೋ, ದಿನಾ ಬೇಕೇ ಬೇಕು ಅನ್ನುವ ಸ್ಥಿತಿಯಲ್ಲಿದ್ದಾನೋ, ಯಾಕೆ ಶುರು ಮಾಡಿದ, ಯಾವುದರಿಂದ ತಪ್ಪಿಸಿಕೊಳ್ಳಲು ಮಾಡಿದ, ಇದ್ಯಾವುದೂ ಅದರಲ್ಲಿ ಬರುವುದಿಲ್ಲ. ಜಾಫೆ ಮತ್ತು ರಾಬಿನ್ಸ್ ಪರೀಕ್ಷೆ ಆದಮೇಲೆ ಹುಡುಗರ ಮನೆ ಬಾಗಿಲಿಗೆ ಹೋಗಿ ಕೂತು ಮಾತಾಡಿಸಿದ್ದರಿಂದಲೇ ಸತ್ಯ ಹೊರಬಂತು. ಲೋಟ ಆ ಸತ್ಯ ಹೇಳಿರಲಿಲ್ಲ.

ಹಾಗಾಗಿ ನನ್ನ ಪರಿಚಯದವರಿಗೆ ನಾನು ಹೇಳಿದ್ದು, ಕಿಟ್ಟಿಗೆ ದುಡ್ಡು ಹಾಕುವ ಮೊದಲು ಮಗನನ್ನು ಕರೆದುಕೊಂಡು ಒಂದು ಸಂಜೆ ಸುಮ್ಮನೆ ನಡೆದು ಬನ್ನಿ ಅಂತ. ಬೇಕು ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಫೋನಿನಲ್ಲೇ ಕೇಳಬೇಕಾದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416 ಇವೆ. ಪೊಲೀಸ್ ಕೇಸಾಗುತ್ತದೆ ಅನ್ನುವ ಹೆದರಿಕೆಯಿಂದ ಮುಚ್ಚಿಡುವವರು ಬಹಳ. ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ, ಚಿಕಿತ್ಸೆ ಪೂರ್ತಿ ಮುಗಿಸಬೇಕು ಅಷ್ಟೆ. ಈ ಸೆಕ್ಷನ್ ಗೊತ್ತಿರುವ ಅಪ್ಪ ಅಮ್ಮಂದಿರು ನನಗಂತೂ ಇನ್ನೂ ಸಿಕ್ಕಿಲ್ಲ. ನಿಮಗೆ ಗೊತ್ತಿರುವವರಿಗೆ ದಯವಿಟ್ಟು ಹೇಳಿ.